ಪಾರ್ಲರ್ ತೆರೆಯುವ ಮಗಳಿಗೆ

‘ಬ್ಯೂಟಿಷಿಯನ್ ಲೈಸೆನ್ಸ್ ಎಲ್ಲಿ ಮಾಡಿಸಬೇಕು ದೊಡ್ಡಮ್ಮ, ಎಷ್ಟು ಖರ್ಚಾಗುತ್ತೆ?’ ಅಂತ ಕೇಳಿದ್ದೀಯಲ್ಲ, ಅಂಥದ್ದೊಂದು ಲೈಸೆನ್ಸ್ ನಮ್ಮ ಕರ್ನಾಟಕದಲ್ಲಿ ಇಲ್ಲವೇ ಇಲ್ಲ ಕಣೇ. ಐಬ್ರೋ ಮಾಡುವವಳನ್ನು ಕೂರಿಸಿ ಪರೀಕ್ಷೆ ಮಾಡಿ, ನೀನು ಪಾಸು, ಇನ್ನು ಕತ್ತರಿ ಹಿಡಿ ಅಂತ ಚೀಟಿ ಬರೆದುಕೊಡುವ ಕಚೇರಿ ಶಿವಮೊಗ್ಗದಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಇರುವುದು ಅಂಗಡಿಯ ಲೈಸೆನ್ಸ್. ಸರ್ಕಾರ ನಿನ್ನ ನಾಲ್ಕು ಗೋಡೆಯನ್ನು ಕೇಳುತ್ತೆ, ನಿನ್ನ ಕೈಯನ್ನು ಕೇಳುವುದಿಲ್ಲ. ಮೊದಲು ಇದು ತಲೆಯಲ್ಲಿರಲಿ, ಮುಂದೆ ಹೇಳುವುದಕ್ಕೆಲ್ಲ ಇದೇ ಬುಡ.

ಈ ಪ್ರಶ್ನೆ ನಿನಗೆ ಎಲ್ಲಿಂದ ಹುಟ್ಟಿತು ಅಂತಲೂ ಗೊತ್ತು. ಕ್ಯಾಲಿಫೋರ್ನಿಯದಿಂದ ಬಂದಿದ್ದ ನಿನ್ನ ಅತ್ತಿಗೆ ಫೋನಿನಲ್ಲಿ ತನ್ನ ಲೈಸೆನ್ಸಿನ ಫೋಟೊ ತೋರಿಸಿದಳು, ನೀನು ಅದಕ್ಕೆ ಮರುಳಾದೆ. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಅಲ್ಲಿ ಕಾಸ್ಮೆಟಾಲಜಿ ಶಾಲೆಯಲ್ಲಿ 1000 ಗಂಟೆ ಕಲಿಯಬೇಕು. 2022ಕ್ಕೆ ಮುಂಚೆ 1600 ಗಂಟೆ ಇತ್ತಂತೆ. ಆಮೇಲೆ ರಾಜ್ಯದ ಮಂಡಳಿಯ ಪರೀಕ್ಷೆ. ಅದಾದ ಮೇಲೆ ಎರಡು ವರ್ಷಕ್ಕೊಮ್ಮೆ ನವೀಕರಣ. ಅಷ್ಟಾಗದೆ ದುಡ್ಡು ತಗೊಂಡು ಇನ್ನೊಬ್ಬರ ಕೂದಲಿಗೆ ಬಣ್ಣ ಹಚ್ಚುವ ಹಾಗಿಲ್ಲ. ಚೆನ್ನಾಗಿಯೇ ಇದೆ. ಆದರೆ ಅದೇ ರಾಜ್ಯದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಅವಳು ನಿನಗೆ ಹೇಳಿರಲಾರಳು. 2000ನೇ ಇಸವಿಯಲ್ಲಿ ವಾಟ್ಸನ್‌ವಿಲ್ ಅನ್ನುವ ಊರಿನ ಒಂದೇ ಒಂದು ನೇಲ್ ಸಲೂನಿಗೆ ಹೋದ ನೂರಕ್ಕೂ ಹೆಚ್ಚು ಗಿರಾಕಿಗಳಿಗೆ ಮೊಣಕಾಲಿನ ಕೆಳಗೆ ಕುರು ಎದ್ದವು. ತಿಂಗಳುಗಟ್ಟಲೆ ವಾಸಿಯಾಗಲಿಲ್ಲ. ಆರೋಗ್ಯ ಇಲಾಖೆಯವರು ಬಂದು ಪೆಡಿಕ್ಯೂರ್ ಟಬ್ ಬಿಚ್ಚಿ ನೋಡಿದರೆ, ನೀರು ಎಳೆದುಕೊಳ್ಳುವ ಜಾಲರಿಯ ಹಿಂದೆ ಕೂದಲು, ಸತ್ತ ಚರ್ಮ ಕಟ್ಟಿಕೊಂಡು ಕೂತಿತ್ತು. ನಲ್ಲಿ ನೀರಿನಲ್ಲೇ ಇರುವ ಒಂದು ಜಾತಿಯ ಸೂಕ್ಷ್ಮಾಣು ಅಲ್ಲಿ ಬೆಳೆದಿತ್ತು. ಮನೆಯಲ್ಲಿ ಕಾಲಿನ ಕೂದಲು ಶೇವ್ ಮಾಡಿಕೊಂಡು ಬಂದವರಿಗೆ ಜಾಸ್ತಿ ತಗುಲಿತ್ತು. ಲೈಸೆನ್ಸ್ ಪದ್ಧತಿ ದಶಕಗಳಿಂದ ಇದ್ದ ರಾಜ್ಯ ಅದು. ಆದರೂ ಟಬ್ ತೊಳೆದದ್ದು ಯಾವತ್ತು, ಯಾರು ತೊಳೆದರು ಅಂತ ಪುಸ್ತಕದಲ್ಲಿ ಬರೆದಿಡಬೇಕು ಅನ್ನುವ ನಿಯಮ ಬಂದದ್ದು ಇಷ್ಟೆಲ್ಲ ಆದ ಮೇಲೆ.

ಹಾಗಾಗಿ ಅವರಿಗಿರುವುದು ನಮಗಿಲ್ಲ ಅಂತ ಕೊರಗಬೇಡ. ನಮ್ಮಲ್ಲಿ ಏನಿದೆಯೋ ಅದನ್ನು ಸರಿಯಾಗಿ ಮಾಡಿಕೊ. ಏನಿಲ್ಲವೋ ಅದನ್ನು ನೀನೇ ನಿನ್ನ ಮೇಲೆ ಹಾಕಿಕೋ.

ಮೊದಲು ಕಾಗದದ ಕೆಲಸ. ಉದ್ದಿಮೆ ಪರವಾನಗಿ ಅನ್ನುತ್ತಾರೆ, ಬಾಯಲ್ಲಿ ಎಲ್ಲರೂ ಟ್ರೇಡ್ ಲೈಸೆನ್ಸ್ ಅಂತಲೇ ಅನ್ನುವುದು. ನೀನು ಭದ್ರಾವತಿಯಲ್ಲಿ ತೆರೆದರೆ ಅದನ್ನು ಕೊಡುವುದು ನಗರಸಭೆ, 1964ರ ಪುರಸಭೆಗಳ ಕಾಯ್ದೆಯ ಪ್ರಕಾರ. ನನ್ನ ಹಾಗೆ ಶಿವಮೊಗ್ಗದಲ್ಲಿ ತೆರೆದರೆ ಮಹಾನಗರ ಪಾಲಿಕೆ, 1976ರ ಕಾಯ್ದೆಯ ಪ್ರಕಾರ. ಎರಡು ಊರಿಗೂ ಇಪ್ಪತ್ತು ಕಿಲೋಮೀಟರ್ ಆಸುಪಾಸು ಅಂತರ, ಆದರೆ ಒಂದೂರಿನ ಲೈಸೆನ್ಸ್ ಇನ್ನೊಂದೂರಿನಲ್ಲಿ ನಡೆಯುವುದಿಲ್ಲ. ಭದ್ರಾವತಿಯ ನ್ಯೂಟೌನಿನಲ್ಲಿ ಒಂದು, ಶಿವಮೊಗ್ಗದ ದುರ್ಗಿಗುಡಿಯಲ್ಲಿ ಇನ್ನೊಂದು ಬ್ರಾಂಚ್ ಅಂತ ಕನಸು ಕಾಣುತ್ತಿದ್ದೀಯಲ್ಲ, ಆಗ ಎರಡು ಲೈಸೆನ್ಸ್ ಬೇಕು. ಅಷ್ಟೇ ಯಾಕೆ, ಅದೇ ಬೀದಿಯಲ್ಲಿ ನಾಲ್ಕು ಮನೆ ಆಚೆಗೆ ಅಂಗಡಿ ಬದಲಾಯಿಸಿದರೂ ಹಳೆಯದು ಹೊಸ ಜಾಗಕ್ಕೆ ತಾನಾಗಿ ಬರುವುದಿಲ್ಲ.

ಅರ್ಜಿ ಈಗ ಆನ್‌ಲೈನ್. ಆದರೂ ಮೊದಲ ಸಲ ಹೋಗುವಾಗ ಆರೋಗ್ಯ ಶಾಖೆಗೆ ಖುದ್ದು ಹೋಗಿ, ಹೆಲ್ತ್ ಇನ್‌ಸ್ಪೆಕ್ಟರನ್ನು ಕಂಡು, ‘ಹೀಗೆ ಪಾರ್ಲರ್ ಶುರು ಮಾಡ್ತಾ ಇದ್ದೀನಿ ಸಾರ್’ ಅಂತ ಹೇಳಿ ಬಾ. ಅಂಗಡಿ ನೋಡಲು ಬರುವವರು ಅವರೇ. ಆಧಾರ್, ಫೋಟೊ, ಬಾಡಿಗೆ ಕರಾರು ಪತ್ರ, ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ, ಆ ಕಟ್ಟಡದ ಚಾಲ್ತಿ ವರ್ಷದ ಕಂದಾಯ ಕಟ್ಟಿದ ರಸೀದಿ ಜೋಡಿಸಿಟ್ಟುಕೊ. ಇವುಗಳಲ್ಲಿ ಸತಾಯಿಸುವುದು ಕೊನೆಯದು. ಮಾಲೀಕರು ಕಂದಾಯ ಬಾಕಿ ಇಟ್ಟಿದ್ದರೆ ನಿನ್ನ ಅರ್ಜಿ ಅಲ್ಲೇ ಕೂರುತ್ತೆ. ಅದಕ್ಕೇ ಅಡ್ವಾನ್ಸ್ ಕೈಯಿಂದ ಬಿಡುವ ಮುಂಚೆ, ‘ಅಣ್ಣಾ, ಈ ವರ್ಷದ ಕಂದಾಯದ ರಸೀದಿ ಒಂದು ಜೆರಾಕ್ಸ್ ಕೊಡಿ’ ಅಂತ ಕೇಳು. ಕೊಡದೆ ನಾಳೆ ನಾಡಿದ್ದು ಅಂದರೆ ಬೇರೆ ಅಂಗಡಿ ನೋಡು. ಬಾಡಿಗೆ ಐನೂರು ಜಾಸ್ತಿಯಾದರೂ ಪರವಾಗಿಲ್ಲ.

ಇಲ್ಲಿ ಭದ್ರಾವತಿಯದೇ ಒಂದು ತೊಡಕಿದೆ, ನಿನಗೂ ಗೊತ್ತಿರುವುದೇ. ನಿಮ್ಮೂರಿನ ಅರ್ಧ ಬದುಕು ಕ್ವಾರ್ಟರ್ಸಿನಲ್ಲಿ ಕಳೆದದ್ದು. 1923ರಲ್ಲಿ ಕಬ್ಬಿಣ ಕಾರ್ಖಾನೆ ಕಬ್ಬಿಣ ಕೊಡಲು ಶುರುವಾದಾಗಿನಿಂದ ಊರು ಬೆಳೆದದ್ದೇ ಕಾರ್ಖಾನೆಯ ಸುತ್ತ. ಆಮೇಲೆ ಕಾಗದದ ಕಾರ್ಖಾನೆ ಬಂತು, ಪೇಪರ್‌ಟೌನ್ ಬಂತು. 2015ರಲ್ಲಿ ಆ ಕಾಗದದ ಕಾರ್ಖಾನೆ ಎಂಪಿಎಂ ನಿಂತಿತು, 2023ರ ಜನವರಿಯಲ್ಲಿ ಕಬ್ಬಿಣ ಕಾರ್ಖಾನೆ ವಿಐಎಸ್ಎಲ್ ಮುಚ್ಚುವ ತೀರ್ಮಾನ ಹೊರಬಿತ್ತು, ಅದೇ ವರ್ಷ ಆಗಸ್ಟ್‌ನಲ್ಲಿ ಅದರ ಬಾರ್ ಮಿಲ್ ಮತ್ತೆ ತಿರುಗಿತು. ಈ ಏರಿಳಿತದ ನಡುವೆ ಎಷ್ಟು ಮನೆಗಳಲ್ಲಿ ಮುಂದಿನ ಕೋಣೆಗೊಂದು ಪರದೆ ಬಿದ್ದು, ಕನ್ನಡಿ ಬಂದು, ಹೆಂಗಸರೇ ಮನೆ ನಡೆಸಿದರು ಅಂತ ಲೆಕ್ಕ ಇಟ್ಟವರಿಲ್ಲ. ಹೊಲಿಗೆ, ಟ್ಯೂಷನ್, ಪಾರ್ಲರ್, ಈ ಮೂರೇ ದಾರಿ ಇದ್ದದ್ದು. ಆದರೆ ಕಂಪನಿಯ ಕ್ವಾರ್ಟರ್ಸಿನ ಗೋಡೆ ನಿನ್ನದಲ್ಲ, ನಿನ್ನ ಮಾವನವರದ್ದೂ ಅಲ್ಲ. ಮಾಲೀಕರ ಒಪ್ಪಿಗೆ ಪತ್ರ ತರುವುದು ಎಲ್ಲಿಂದ? ಅದಕ್ಕೇ ಅಲ್ಲಿ ಬೋರ್ಡ್ ಹಾಕದೆ, ಬಾಯಿಂದ ಬಾಯಿಗೆ ಹೇಳಿ ನಡೆಸುತ್ತಾರೆ. ಅವರನ್ನು ನಾನು ಆಡಿಕೊಳ್ಳುವುದಿಲ್ಲ, ಹೊಟ್ಟೆಪಾಡು. ನಿನಗೆ ಮಾತ್ರ ಹೇಳುವುದು ಇಷ್ಟು: ಜನ್ನಾಪುರದಲ್ಲೋ ಹಳೇನಗರದಲ್ಲೋ ಹತ್ತಕ್ಕೆ ಹನ್ನೆರಡಡಿಯ ಒಂದು ಮಳಿಗೆ ಸಿಕ್ಕರೂ ಸಾಕು, ಕಾಗದ ಸರಿ ಇರುವ ಜಾಗದಲ್ಲಿ ಕೂರು.

ಸ್ವಂತ ಮನೆಯ ಕೋಣೆಯಲ್ಲೇ ಮಾಡುವುದಾದರೂ ಮೆಸ್ಕಾಂನವರ ಹತ್ತಿರ ಆ ಕೋಣೆಗೆ ವಾಣಿಜ್ಯ ಸಂಪರ್ಕ ಹಾಕಿಸಿಕೊ. ಮನೆ ಮೀಟರಿನಲ್ಲಿ ಡ್ರೈಯರ್, ಸ್ಟೀಮರ್, ವ್ಯಾಕ್ಸ್ ಹೀಟರ್ ಓಡಿಸುತ್ತಿದ್ದು ಜಾಗೃತ ದಳದವರು ಬಂದರೆ ಹಿಂದಿನ ತಿಂಗಳುಗಳದ್ದೂ ಸೇರಿಸಿ ಬಿಲ್ ಹಾಕುತ್ತಾರೆ. ಸೀಸನ್ನಿನ ದುಡಿಮೆ ಅದಕ್ಕೇ ಹೋಗುತ್ತೆ.

ಇನ್ನು ನವೀಕರಣ. ಉದ್ದಿಮೆ ಪರವಾನಗಿಯ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ನೀನು ಡಿಸೆಂಬರಿನಲ್ಲಿ ಮಾಡಿಸಿದರೂ ಮಾರ್ಚ್ 31ಕ್ಕೇ ಲೆಕ್ಕ. ನಮ್ಮ ಕಸುಬಿನಲ್ಲಿ ಅದು ಎಂಥಾ ತಿಂಗಳು ನೋಡು. ಮಾಘ, ಫಾಲ್ಗುಣದ ಮದುವೆಗಳು, ಬೆಳಗಿನ ಜಾವ ನಾಲ್ಕಕ್ಕೆ ಛತ್ರಕ್ಕೆ ಹೋಗಿ ಮದುಮಗಳನ್ನು ಸಿಂಗರಿಸುವುದು, ಮಕ್ಕಳಿಗೆ ಪರೀಕ್ಷೆ. ಶಿವಮೊಗ್ಗದಲ್ಲಾದರೆ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆ ಜಾತ್ರೆಯೂ ಅದೇ ಹೊತ್ತಿಗೆ. 2024ರಲ್ಲಿ ಮಾರ್ಚ್ ಮಧ್ಯದಲ್ಲೇ ಬಂತು, ಊರಿಗೆ ಊರೇ ನೆಂಟರಿಂದ ತುಂಬಿತ್ತು, ನನ್ನ ಅಂಗಡಿಯಲ್ಲಿ ಮೆಟ್ಟಿಲ ಮೇಲೆ ಕೂತು ಕಾದರು. ಅಂಥ ಗಡಿಬಿಡಿಯಲ್ಲಿ ಲೈಸೆನ್ಸಿನ ನೆನಪು ಯಾರಿಗಿರುತ್ತೆ? ಗಡುವು ದಾಟಿದರೆ ದಂಡ. ಅದಕ್ಕೆ ಸಂಕ್ರಾಂತಿ ಎಳ್ಳು ಬೀರಿ ಮುಗಿದ ವಾರವೇ ಮಾಲೀಕರ ಹತ್ತಿರ ಕಂದಾಯದ ರಸೀದಿ ಕೇಳಿಟ್ಟುಕೊ, ಫೆಬ್ರುವರಿಯಲ್ಲಿ ಶುಲ್ಕ ಕಟ್ಟಿಬಿಡು. ಕಟ್ಟಿದ ಮೇಲೆ ಹೊಸ ಪ್ರತಿಯನ್ನು ಪ್ರಿಂಟ್ ತೆಗೆಸಿ ಗೋಡೆಗೆ ಹಾಕು. ಎಷ್ಟೋ ಅಂಗಡಿಯಲ್ಲಿ ನೋಡಿದ್ದೀನಿ, ಚೌಕಟ್ಟು ಹಾಕಿಸಿ ಹೂ ಮುಡಿಸಿದ್ದಾರೆ, ಒಳಗಿರುವುದು ಮೂರು ವರ್ಷದ ಹಿಂದಿನದು.

ಎರಡನೆಯದು ಕಾರ್ಮಿಕ ಇಲಾಖೆಯ ನೋಂದಣಿ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಅಂಗಡಿ ತೆರೆದ 30 ದಿನದೊಳಗೆ ಮಾಡಿಸಬೇಕು. ಇದಕ್ಕೆ ಐದು ವರ್ಷ ಆಯಸ್ಸು. ಐದು ವರ್ಷ ಅಂದರೆ ಮರೆಯಲು ಬೇಕಾದಷ್ಟು ಸಮಯ, ಹಾಗಾಗಿ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆಯಬೇಡ, ಕ್ಯಾಲೆಂಡರ್ ವರ್ಷ ವರ್ಷ ರದ್ದಿಗೆ ಹೋಗುತ್ತೆ. ಚೌಕಟ್ಟಿನ ಮೇಲೇ ಪೆನ್ನಿನಲ್ಲಿ ಬರೆ. ಆ ಕಾಯ್ದೆಯಲ್ಲೇ ವಾರಕ್ಕೊಂದು ರಜೆಯ ಮಾತಿದೆ. ನಮ್ಮ ಕಡೆ ಗಂಡಸರ ಸಲೂನುಗಳು ಮಂಗಳವಾರ ಮುಚ್ಚುವುದು ತಲೆತಲಾಂತರದ ಪದ್ಧತಿ. ಪಾರ್ಲರಿನವರು ನಾವು ಆ ದಿನವೂ ತೆರೆದುಕೊಂಡು, ಯಾವತ್ತೂ ರಜೆಯಿಲ್ಲದೆ ಸೊಂಟ ಹಿಡಿಸಿಕೊಂಡಿದ್ದೇವೆ. ನಿನ್ನ ಹೆಲ್ಪರ್ ಹುಡುಗಿಗೆ ಒಂದು ದಿನ ಕೊಡು, ನೀನೂ ತಗೊ.

ಬೋರ್ಡಿನ ವಿಷಯ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಬೋರ್ಡ್ ಬರೆಯುವವನಿಗೆ ಮೊದಲೇ ಹೇಳು, ಆಮೇಲೆ ಎರಡನೇ ಸಲ ದುಡ್ಡು ಕೊಡುವುದು ಬೇಡ. ಹೆಸರು ನಿನ್ನಿಷ್ಟ. ಆದರೆ ಬೋರ್ಡಿನ ಮೇಲೆ ‘ಕ್ಲಿನಿಕ್’ ಅನ್ನುವ ಪದ ಬೇಡ. ‘ಸ್ಕಿನ್ ಅಂಡ್ ಹೇರ್ ಕ್ಲಿನಿಕ್’ ಅಂತ ಹಾಕಿದರೆ ಗಿರಾಕಿ ಬರುತ್ತಾರೆ, ಜೊತೆಗೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಡೆಯವರೂ ಬರುತ್ತಾರೆ.

ಯಾಕೆ ಅಂದರೆ, ಚಿಕಿತ್ಸೆ ಕೊಡುವ ಜಾಗಕ್ಕೆ ನಮ್ಮ ರಾಜ್ಯದಲ್ಲಿ ಬೇರೆಯೇ ಕಾಯ್ದೆ ಇದೆ, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಕೆಪಿಎಂಇ ಅನ್ನುತ್ತಾರೆ. ಅದರಲ್ಲಿ ನೋಂದಣಿ ಆಗಬೇಕಾದರೆ ಡಾಕ್ಟರು ಬೇಕು. ಈಗ ಹುಡುಗಿಯರು ರೀಲ್ಸ್ ನೋಡಿ ಬಂದು ಕೇಳುತ್ತಾರೆ: ಲೇಸರ್ ಇದೆಯಾ, ಪಿಆರ್‌ಪಿ ಮಾಡ್ತೀರಾ, ಗ್ಲುಟಾಥಯೋನ್ ಡ್ರಿಪ್ ಹಾಕ್ತೀರಾ, ತುಟಿಗೆ ಫಿಲ್ಲರ್ ಎಷ್ಟು. ಯಂತ್ರ ಮಾರುವವನೂ ಬರುತ್ತಾನೆ, ಎರಡು ದಿನ ಟ್ರೈನಿಂಗ್ ನಾವೇ ಕೊಡ್ತೀವಿ ಮೇಡಂ, ಕಂತಿನಲ್ಲಿ ಕಟ್ಟಿ ಅಂತಾನೆ. ಸೂಜಿ ಚರ್ಮದ ಒಳಗೆ ಹೋಗುವ ಯಾವ ಕೆಲಸವೂ ನಿನ್ನದಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಇಂಥವನ್ನು ತರಬೇತಿ ಪಡೆದ ವೈದ್ಯರು ಮಾತ್ರ ಮಾಡಬೇಕು ಅಂತ ಹೇಳಿದೆ. ‘ಅದು ಡಾಕ್ಟರ ಹತ್ರ ಮಾಡಿಸ್ಕೊಳ್ಳಮ್ಮ’ ಅಂತ ಕಳಿಸಿದರೆ ಆ ಗಿರಾಕಿ ಮತ್ತೆ ಐಬ್ರೋಗೆ ನಿನ್ನಲ್ಲಿಗೇ ಬರುತ್ತಾಳೆ. ಇಲ್ಲ ಅಂದಾಗಲೂ ನಂಬಿಕೆ ಹುಟ್ಟುತ್ತೆ.

ಬಿಳಿ ಮಾಡುವ ಕ್ರೀಮಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ, ನನ್ನಿಂದ ಬೈಸಿಕೊಂಡು ಇದು ನಿನಗೂ ಗೊತ್ತು. ಡಬ್ಬಿಯ ಮೇಲೆ ತಯಾರಿಸಿದವರ ವಿಳಾಸ, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು, ತಯಾರಿಕಾ ಲೈಸೆನ್ಸ್ ನಂಬರ್, ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ, ಇವಿಲ್ಲದ ಯಾವ ಕ್ರೀಮನ್ನೂ ಅಂಗಡಿಯೊಳಗೆ ಸೇರಿಸಬೇಡ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ಆಸ್ಪತ್ರೆಯಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಜಾತಿಯ ಕಿಡ್ನಿ ಕಾಯಿಲೆಯ 22 ಜನ ಬಂದರು. ಅವರಲ್ಲಿ 15 ಜನರದ್ದು ಅಪರೂಪದ ಬಗೆ. ಆ 15ರಲ್ಲಿ 13 ಜನ ಬಿಳಿಯಾಗುವ ಕ್ರೀಮ್ ಹಚ್ಚುತ್ತಿದ್ದವರು. ವೈದ್ಯರು ಬೆರಳು ತೋರಿಸಿದ್ದು ಕ್ರೀಮಿನೊಳಗಿನ ಪಾದರಸಕ್ಕೆ. ಹಚ್ಚಿದ್ದು ಮುಖಕ್ಕೆ, ಹೋದದ್ದು ಕಿಡ್ನಿಗೆ. ಸ್ಟಿರಾಯ್ಡ್ ಸೇರಿದ ಕ್ರೀಮೂ ಅಷ್ಟೇ. 2018ರಲ್ಲೇ ಅವನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದ್ದಾರೆ. ಆದರೂ ಫೇಶಿಯಲ್ ಕ್ರೀಮಿಗೆ ಬೆರಳ ತುದಿಯಷ್ಟು ಬೆರೆಸಿ ‘ಗ್ಲೋ’ ಬರಿಸುವವರಿದ್ದಾರೆ. ಮೊದಲ ವಾರ ಮುಖ ಹೊಳೆಯುತ್ತೆ. ಆಮೇಲೆ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಉರಿ, ಬಿಟ್ಟರೆ ಮೊಡವೆ. ಯಾರು ಎಷ್ಟು ಬಲವಂತ ಮಾಡಿದರೂ ನೀನು ಮುಟ್ಟಬೇಡ.

ಕಲಿಕೆಯ ಸರ್ಟಿಫಿಕೇಟಿಗೆ ಬರುತ್ತೇನೆ. ಲೈಸೆನ್ಸಿಗೆ ಅದು ಕಡ್ಡಾಯ ಅಲ್ಲ ಅಂದ ಮಾತ್ರಕ್ಕೆ ಬೇಡ ಅಂತ ಅಲ್ಲ. ಐಟಿಐಯಲ್ಲಿ ಕಾಸ್ಮೆಟಾಲಜಿ ಅಂತ ಒಂದು ವರ್ಷದ ಟ್ರೇಡ್ ಇದೆ, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ಮುಗಿಸಿದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್ ಸಿಗುತ್ತೆ, ಇಡೀ ದೇಶದಲ್ಲಿ ನಡೆಯುತ್ತೆ. ನಿನಗೆ ಈಗ ಒಂದು ವರ್ಷ ಕೂರಲು ಆಗುವುದಿಲ್ಲ, ಆದರೆ ನಿನ್ನ ನಾದಿನಿಗೆ ಹೇಳು. ಅವಳು ಹೊಳೆಹೊನ್ನೂರಿನ ಕಡೆ ಹಳ್ಳಿಯಲ್ಲಿರುವುದರಿಂದ ಇನ್ನೊಂದು ದಾರಿಯೂ ಇದೆ: ಹೊಳಲೂರಿನ ಕೆನರಾ ಬ್ಯಾಂಕ್ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯನ್ನೇ ನೋಡಿ ದೇಶದ ತುಂಬ ಇಂಥ ಸಂಸ್ಥೆಗಳಾದದ್ದು. ತರಬೇತಿ, ಊಟ, ವಸತಿ ಉಚಿತ. ಪಾರ್ಲರ್ ತರಬೇತಿ ಒಂದು ತಿಂಗಳ ಸುಮಾರು ಇರುತ್ತೆ. ಬರೀ ಫೇಶಿಯಲ್ ಅಷ್ಟೇ ಹೇಳಿಕೊಡದೆ, ಲೆಕ್ಕ ಬರೆಯುವುದು, ಬ್ಯಾಂಕಿನವರ ಹತ್ತಿರ ಮಾತಾಡುವುದನ್ನೂ ಹೇಳಿಕೊಡುವುದರಿಂದ ನನಗೆ ಆ ತರಬೇತಿ ಮೆಚ್ಚು.

ನಿನ್ನ ಹಾಗೆ ನನ್ನ ಅಂಗಡಿಯಲ್ಲಿ ಕೈ ಹಿಡಿದು ಕಲಿತವರಿಗೆ ಕೌಶಲ ವಿಕಾಸ ಯೋಜನೆಯಲ್ಲಿ ಆರ್‌ಪಿಎಲ್ ಅಂತ ಇದೆ. ಗೊತ್ತಿರುವ ಕೆಲಸವನ್ನೇ ಮಾಡಿ ತೋರಿಸಿ, ಪರೀಕ್ಷೆ ಕೊಟ್ಟು, ಸರ್ಟಿಫಿಕೇಟ್ ತಗೊಳ್ಳುವುದು. ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಈ ಕಸುಬಿನ ಪಠ್ಯ, ಪರೀಕ್ಷೆ ನೋಡಿಕೊಳ್ಳುವ ಮಂಡಳಿ. ಮೂರು ದಿನದ ವರ್ಕ್‌ಶಾಪ್ ಮಾಡಿ, ಗೌನು ಟೋಪಿ ಹಾಕಿಸಿ ಫೋಟೊ ತೆಗೆದು, ‘ಅಂತಾರಾಷ್ಟ್ರೀಯ ಮಾನ್ಯತೆಯ ಡಿಪ್ಲೊಮಾ’ ಅಂತ ಮೂವತ್ತು ನಲವತ್ತು ಸಾವಿರ ಕೀಳುವವರ ಹತ್ತಿರ ಒಂದೇ ಪ್ರಶ್ನೆ ಕೇಳು: ಮಾನ್ಯತೆ ಕೊಟ್ಟವರು ಯಾರು, ಈ ನಂಬರನ್ನು ನಾನು ಎಲ್ಲಿ ತಾಳೆ ನೋಡಬಹುದು? ಉತ್ತರ ತಡವರಿಸಿದರೆ ಎದ್ದು ಬಾ. ಸಿಡೆಸ್ಕೊ ಅಂತ ಸ್ವಿಟ್ಜರ್ಲೆಂಡಿನ ನಿಜವಾದ ಸಂಸ್ಥೆಯೊಂದಿದೆ, 1946ರಷ್ಟು ಹಳೆಯದು, ಆದರೆ ಅದರ ಡಿಪ್ಲೊಮಾ ಮೂರು ದಿನಕ್ಕೆ ಸಿಗುವಂಥದ್ದಲ್ಲ.

ಕಾಗದ ಆಯಿತು. ಈಗ ಕೈ.

ಕ್ಯಾಲಿಫೋರ್ನಿಯದ ಹಾಗೆ ನಿನ್ನ ಕೈಯನ್ನು ಎರಡು ವರ್ಷಕ್ಕೊಮ್ಮೆ ವಿಚಾರಿಸುವವರು ಇಲ್ಲಿ ಇಲ್ಲ ಅಂದೆನಲ್ಲ. ಹೆಲ್ತ್ ಇನ್‌ಸ್ಪೆಕ್ಟರ್ ಬಂದರೆ ನೀರು, ಗಾಳಿ, ಕಸದ ಬುಟ್ಟಿ ನೋಡುತ್ತಾರೆ. ನೀನು ದಾರವನ್ನು ಹಲ್ಲಿನಲ್ಲಿ ಕಚ್ಚಿ ಥ್ರೆಡಿಂಗ್ ಮಾಡುತ್ತೀಯ ಅನ್ನುವುದು ಅವರಿಗೆ ಕಾಣುವುದಿಲ್ಲ. ನನಗೆ ಕಂಡಿದೆ. ಆ ಅಭ್ಯಾಸ ಬಿಡು. ನಿನ್ನ ಎಂಜಲು ದಾರದ ಮೇಲಿಂದ ಅವಳ ಹುಬ್ಬಿಗೆ ಇಳಿಯುತ್ತೆ, ಕೂದಲು ಕಿತ್ತ ಜಾಗದಲ್ಲಿ ಚರ್ಮ ಬಾಯಿ ತೆರೆದೇ ಇರುತ್ತೆ. ಕುತ್ತಿಗೆಗೆ ಸುತ್ತಿಕೊಂಡು ಮಾಡುವುದನ್ನು ಕಲಿ, ಮೊದಲ ತಿಂಗಳು ಕೈ ಓಡುವುದಿಲ್ಲ, ಆಮೇಲೆ ಓಡುತ್ತೆ. ಒಬ್ಬರಿಗೆ ಬಳಸಿದ ದಾರದ ತುಂಡು ಇನ್ನೊಬ್ಬರಿಗೆ ಬೇಡ. ಥ್ರೆಡಿಂಗಿನಿಂದ ನರುಳ್ಳಿ ಹರಡಿದ ಉದಾಹರಣೆಗಳನ್ನು ಚರ್ಮದ ಡಾಕ್ಟರುಗಳು ಬರೆದಿದ್ದಾರೆ.

ಬ್ಲೇಡ್ ಒಬ್ಬರಿಗೆ ಒಂದು, ಅವರ ಕಣ್ಣೆದುರೇ ಕವರ್ ಬಿಚ್ಚು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ಕಡಿಮೆ ಅಂದರೂ ಏಳು ದಿನ ಜೀವ ಹಿಡಿದಿರುತ್ತೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಬಳಸಿದ ಬ್ಲೇಡನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ಕೊಡು, ನಮ್ಮ ಪೌರಕಾರ್ಮಿಕರ ಕೈ ಕೂಡ ಕೈಯೇ. ವ್ಯಾಕ್ಸಿಗೆ ಅದ್ದಿದ ಕಡ್ಡಿ ಮೈಗೆ ತಗುಲಿದ ಮೇಲೆ ಮತ್ತೆ ಡಬ್ಬಿಯೊಳಗೆ ಹೋಗಬಾರದು. ಕಡ್ಡಿ ಜಾಸ್ತಿ ಖರ್ಚಾಗುತ್ತೆ, ಆಗಲಿ. ಕತ್ತರಿ, ಪ್ಲಕ್ಕರ್, ಕ್ಯೂಟಿಕಲ್ ನಿಪ್ಪರ್ ಮೊದಲು ಸೋಪು ನೀರಿನಲ್ಲಿ ಉಜ್ಜಿ ತೊಳೆ, ಒರೆಸು, ಆಮೇಲೆ ದ್ರಾವಣದಲ್ಲಿ ಪೂರ್ತಿ ಮುಳುಗಿಸು. ತೊಳೆಯದೆ ಮುಳುಗಿಸಿದರೆ ಕೊಳೆಯ ಕೆಳಗೆ ದ್ರಾವಣ ಹೋಗುವುದೇ ಇಲ್ಲ. ಆ ನೀಲಿ ದೀಪದ ಯುವಿ ಪೆಟ್ಟಿಗೆ ಇದೆಯಲ್ಲ, ಗಿರಾಕಿ ನೋಡಿ ಖುಷಿಪಡುತ್ತಾಳೆ ನಿಜ, ಅದು ಶುದ್ಧ ಮಾಡಿದ್ದನ್ನು ಎತ್ತಿಡುವುದಕ್ಕಷ್ಟೇ ಸರಿ. ಬೆಳಕು ಬಿದ್ದ ಮೇಲ್ಮೈ ಬಿಟ್ಟು ಕತ್ತರಿಯ ಸಂದಿಗೆ ಅದರ ಕೆಲಸವಿಲ್ಲ. ಪೆಡಿಕ್ಯೂರಿಗೆ ಗುಳ್ಳೆ ಏಳುವ ಮೋಟಾರ್ ಟಬ್ ತರಬೇಡ, ಸಾದಾ ಸ್ಟೀಲ್ ಬೇಸನ್ ತಗೊ. ಜಾಲರಿಯೇ ಇಲ್ಲದ ಮೇಲೆ ಜಾಲರಿಯ ಹಿಂದೆ ಕೂರುವುದೇನು?

ಬಣ್ಣ ಹಚ್ಚುವ ಮುಂಚೆ ಪ್ಯಾಚ್ ಟೆಸ್ಟ್. ಕಪ್ಪು ಬಣ್ಣದಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತೆ, ‘ಕಪ್ಪು ಮೆಹೆಂದಿ’ ಅಂತ ಬರುವುದರಲ್ಲೂ ಅದೇ. ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಬಿಟ್ಟು ಬನ್ನಿ ಅಂದರೆ ‘ಹತ್ತು ವರ್ಷದಿಂದ ಹಚ್ಕೋತಿದ್ದೀನಿ, ನಂಗೇನಾಗಲ್ಲ’ ಅಂತಾರೆ. ಅಲರ್ಜಿ ಹನ್ನೊಂದನೇ ವರ್ಷವೂ ಶುರುವಾಗಬಹುದು. ನಾಳೆ ನಿಶ್ಚಿತಾರ್ಥ, ಇವತ್ತೇ ಮಾಡಿ ಅನ್ನುವವರಿಗೆ ಮಾಡಬೇಡ. ಹುಡುಗಿ ಕಣ್ಣು ಮುಚ್ಚುವಷ್ಟು ಮುಖ ಊದಿಸಿಕೊಂಡು ಹಸೆಗೆ ಕೂತರೆ ಊರೆಲ್ಲ ಹೇಳುವುದು ನಿನ್ನ ಹೆಸರು.

ತಲೆ ತೊಳೆಯುವಾಗ ಕುತ್ತಿಗೆ ನೋಡಿಕೊ. ಬೇಸನ್ನಿನ ಅಂಚಿಗೆ ಕುತ್ತಿಗೆ ಹಿಂದಕ್ಕೆ ಬಾಗಿ ಬಹಳ ಹೊತ್ತು ಇದ್ದರೆ ಮಿದುಳಿಗೆ ಹೋಗುವ ರಕ್ತನಾಳ ಅದುಮಿ ಪಾರ್ಶ್ವವಾಯು ಹೊಡೆಯಬಹುದು. ಅಮೆರಿಕದ ವೈದ್ಯರೊಬ್ಬರು 1993ರಲ್ಲೇ ಐದು ಹೆಂಗಸರ ಉದಾಹರಣೆ ಕೊಟ್ಟು ಬರೆದರು. 2022ರಲ್ಲಿ ಹೈದರಾಬಾದಿನಲ್ಲಿ ಐವತ್ತರ ಹೆಂಗಸೊಬ್ಬರಿಗೆ ಹಾಗೆಯೇ ಆಯಿತು. ಅಪರೂಪ ನಿಜ. ಟವೆಲ್ ಸುರುಳಿ ಸುತ್ತಿ ಕುತ್ತಿಗೆಯ ಕೆಳಗಿಡು, ಬಿಪಿ ಶುಗರ್ ಇರುವ ಹಿರಿಯರಿಗೆ ಮುಂದಕ್ಕೆ ಬಗ್ಗಿಸಿ ತೊಳೆ, ತೊಳೆಯುತ್ತಾ ಫೋನಿನಲ್ಲಿ ಮಾತಾಡುತ್ತಾ ನಿಲ್ಲಬೇಡ.

ಒಂದು ನೂರು ಪುಟದ ನೋಟ್‌ಬುಕ್ ಇಡು. ತಾರೀಖು, ಹೆಸರು, ಏನು ಮಾಡಿದೆ, ಯಾವ ಕಂಪನಿಯ ಬಣ್ಣ, ಬ್ಯಾಚ್ ನಂಬರ್, ಪ್ಯಾಚ್ ಟೆಸ್ಟ್ ಯಾವತ್ತು. ಕೆಳಗೆ ಅವರ ಸಹಿ. ದೆಹಲಿಯ ಪಂಚತಾರಾ ಹೋಟೆಲೊಂದರ ಸಲೂನಿನಲ್ಲಿ ಕೂದಲು ಮೋಟುಮಾಡಿದರು ಅಂತ 2021ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2 ಕೋಟಿ ರೂಪಾಯಿ ಪರಿಹಾರ ಬರೆಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ಅಷ್ಟು ದೊಡ್ಡ ಮೊತ್ತಕ್ಕೆ ಪುರಾವೆ ಎಲ್ಲಿ ಅಂತ ಕೇಳಿ ವಾಪಸ್ ಕಳಿಸಿತು. ದೊಡ್ಡವರ ಜಗಳ ಅಂತ ಬಿಡಬೇಡ. ಶಿವಮೊಗ್ಗದಲ್ಲೂ ಜಿಲ್ಲಾ ಗ್ರಾಹಕ ಆಯೋಗ ಇದೆ, ಅಲ್ಲಿಯೂ ಮಾತು ನಡೆಯುವುದು ಪುರಾವೆಯ ಮೇಲೆಯೇ.

ಕಾಗದ ನೆರವಿಗೆ ಬರುವ ಇನ್ನೊಂದು ಹೊತ್ತು ಕಷ್ಟಕಾಲ. 2020ರ ಮೇ ತಿಂಗಳು ನೆನಪಿದೆಯಾ, ಲಾಕ್‌ಡೌನ್. ನಮ್ಮ ಜಿಲ್ಲೆಯವರೇ ಆದ ಯಡಿಯೂರಪ್ಪನವರು ಮುಖ್ಯಮಂತ್ರಿ. 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಘೋಷಿಸಿದರು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವಾಗ ಈ ಕಸುಬು ಮಾಡುತ್ತೇನೆ ಅನ್ನುವುದಕ್ಕೆ ದೃಢೀಕರಣ ಕೇಳಿದರು. ಚೀಟಿ ಇದ್ದವರು ಮೊಬೈಲಿನಲ್ಲೇ ಫೋಟೊ ತೆಗೆದು ಹಾಕಿದರು. ಇಲ್ಲದವರು, ಬಸ್ಸೂ ಇಲ್ಲದ ದಿನಗಳಲ್ಲಿ, ಕಚೇರಿ ಕಚೇರಿ ಅಲೆದರು. ಸಾಲವೂ ಹಾಗೆಯೇ. ಮುದ್ರಾದ ಶಿಶು ಸಾಲ 50,000ದವರೆಗೆ ಆಧಾರ ಕೇಳದೆ ಕೊಡುತ್ತಾರೆ, ಆದರೆ ಬ್ಯಾಂಕಿನವರು ಅಂಗಡಿಯ ಪರವಾನಗಿ ನೋಡುತ್ತಾರೆ. ಉದ್ಯಮ್ ನೋಂದಣಿ ಉಚಿತ, ಯಾರಿಗೂ ಅದಕ್ಕೆ ದುಡ್ಡು ಕೊಡಬೇಡ. ನಿಮ್ಮ ಪಕ್ಕದ ಸಲೂನಿನ ಅಣ್ಣನಿಗೆ ಪಿಎಂ ವಿಶ್ವಕರ್ಮದ ವಿಷಯ ಹೇಳು, ಅದರ 18 ಕಸುಬುಗಳಲ್ಲಿ ಕ್ಷೌರವೂ ಇದೆ. 15,000 ರೂಪಾಯಿಯ ಸಲಕರಣೆ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದು ತೀರಿಸಿದರೆ ಮತ್ತೆ 2 ಲಕ್ಷ.

ಜಿಎಸ್‌ಟಿ ಬಗ್ಗೆ ಹೆದರಿಕೊಂಡಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನಿನಗೆ ಅದು ಬರುವುದಿಲ್ಲ. ದಾಟಿದ ದಿನ ನನಗೆ ಹೋಳಿಗೆ ಊಟ ಹಾಕಿಸು. 2025ರ ಸೆಪ್ಟೆಂಬರ್ 22ರಿಂದ ಸಲೂನು, ಪಾರ್ಲರ್ ಸೇವೆಗೆ ತೆರಿಗೆಯೂ ಶೇ 18ರಿಂದ 5ಕ್ಕೆ ಇಳಿದಿದೆ.

ಏಜೆಂಟರು ಕಚೇರಿ ಬಾಗಿಲಲ್ಲೇ ಸಿಗುತ್ತಾರೆ. ಎಲ್ಲಾ ಸೇರಿಸಿ ಇಷ್ಟು ಕೊಡಿ ಅಕ್ಕಾ, ನಿಮ್ಮ ಬ್ಯೂಟಿಷಿಯನ್ ಲೈಸೆನ್ಸ್ ಮನೆಗೇ ಬರುತ್ತೆ ಅಂತಾರೆ. ಆ ಹೆಸರಿನದೇ ಇಲ್ಲ ಅಂತ ಈಗ ನಿನಗೆ ಗೊತ್ತು. ಅರ್ಜಿ ನೀನೇ ಹಾಕು, ಮೊಬೈಲಿಗೆ ಬರುವ ಒಟಿಪಿಗೆ ನಿನ್ನದೇ ನಂಬರ್ ಕೊಡು. ಏಜೆಂಟನ ನಂಬರ್ ಕೊಟ್ಟರೆ ನವೀಕರಣದ ಸಂದೇಶ ಮುಂದಿನ ವರ್ಷ ಅವನಿಗೇ ಹೋಗುತ್ತೆ, ನೀನು ಮತ್ತೆ ಅವನ ಬಾಗಿಲಿಗೇ ಹೋಗಬೇಕು.

ಈ ಬುಧವಾರ ನನಗೆ ಮದುವೆ ಆರ್ಡರ್ ಇಲ್ಲ. ಬೆಳಿಗ್ಗೆಯ ಬಸ್ಸಿಗೆ ಭದ್ರಾವತಿಗೆ ಬರುತ್ತೇನೆ, ಇಬ್ಬರೂ ನಗರಸಭೆಗೆ ಹೋಗೋಣ. ಕರಾರು ಪತ್ರದ ಎರಡು ಜೆರಾಕ್ಸ್, ಎರಡು ಫೋಟೊ ತಗೊಂಡಿರು. ಕಂದಾಯದ ರಸೀದಿಗೆ ಮಾಲೀಕರಿಗೆ ಇವತ್ತೇ ಫೋನ್ ಮಾಡು.